ವಸ್ತ್ರದ ಕೆಳಗಿನ ಲೆಕ್ಕ

ಸುಮೇಧಾ ಟೀಚರ ಧ್ವನಿ ನಮ್ಮ ಮನೆಗೆ ಬರುತ್ತಿದ್ದದ್ದು ಅಪ್ಪನ ಅಂಗಿಯ ಕಿಸೆಯೊಳಗಿಂದ. ಮನೆಗೆಲ್ಲ ಇರುವುದು ಅದೊಂದೇ ದೊಡ್ಡ ಫೋನು. ತಂಗಿ ಮಾನಸಿಯ ಒಂಬತ್ತನೇ ತರಗತಿಯ ವಾಟ್ಸಾಪ್ ಗುಂಪಿಗೆ ಶಾಲೆಯವರು ಸೇರಿಸಿಕೊಂಡದ್ದೂ ಅದೇ ನಂಬರನ್ನು. ಹಾಗಾಗಿ ಅಪ್ಪ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ಹೊತ್ತಿನಲ್ಲೂ ಅವನ ಕಿಸೆಗೆ ತ್ರಿಕೋನ, ವರ್ಗಮೂಲಗಳು ಬಂದು ಬೀಳುತ್ತಿದ್ದವು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಫೋನನ್ನು ಮಾನಸಿಗೆ ಕೊಟ್ಟರೆ, ಅವಳು ಕೇಳಿ ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದ. ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುವುದು ನಮ್ಮಲ್ಲಿ ನಡೆಯುವುದಿಲ್ಲ. ಏನು ಬಂದರೂ ಎಲ್ಲರಿಗೂ ಕೇಳುವಂತೆ ಹಚ್ಚಬೇಕು.

ಅಪ್ಪನ ಹೆಸರು ಸಿದ್ದಲಿಂಗಪ್ಪ. ದನದ ದಲಾಲ. ನಮ್ಮ ಮನೆ ಬೆಂಗೇರಿಯಲ್ಲಿ. ಆ ದಿನಗಳಲ್ಲಿ ಅಜ್ಜಿಯ ಕಾಲು ಮುರಿದು ಅವ್ವ ಶಿರಗುಪ್ಪಿಗೆ ಹೋಗಿದ್ದಳು. ಮನೆಗೆಲಸ ಹೆಚ್ಚಾಗಿ ನನ್ನ ಪಾಲಿಗೆ ಬಂದಿತ್ತು. ಕೆಲಸ ಮುಗಿದ ಮೇಲೆ ನಾನು ಕಿಟಕಿಯ ಬಳಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಕಿಟಕಿಯ ಬಳಿ ಕೂತವರಿಗೆ ಮಾತಿನ ಗರಜೂ ಅಷ್ಟಾಗಿ ಇರುವುದಿಲ್ಲ.

ಆ ಟೀಚರ ಮೇಲೆ ಅಪ್ಪನ ಹಾಗೆ ನನಗೂ ಗುಮಾನಿಯೇ ಇತ್ತು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಾರೆ. ಕ್ಲಾಸಿನ ಗೋಡೆಗೆ ಯಾವುದೋ ಸಂಸ್ಥೆಯವರು ಕೊಟ್ಟ ದೊಡ್ಡ ಟಿವಿ ಇದೆಯಂತೆ. ಅದರ ಮೇಲೆ ಬೆರಳಿನಿಂದಲೇ ಗೆರೆ ಎಳೆದು, ತ್ರಿಕೋನವನ್ನು ಹಿಡಿದು ತಿರುಗಿಸಿ ತೋರಿಸುತ್ತಾರಂತೆ. ಜ್ವರ ಬಂದು ಮನೆಯಲ್ಲಿ ಉಳಿದ ಮಕ್ಕಳಿಗೆ ಆ ದಿನದ ಪಾಠವನ್ನು ಧ್ವನಿಯಲ್ಲಿ ಕಳಿಸುತ್ತಾರೆ. ಲೆಕ್ಕ ಹೇಗೆ ಮಾಡಿದೆ ಎಂಬುದನ್ನು ಮಕ್ಕಳು ಬಾಯಲ್ಲಿ ಹೇಳಿ ಕಳಿಸಬೇಕು. ಎಲ್ಲಿ ದಾರಿ ತಪ್ಪಿತು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರುತ್ತದೆ. ನನಗೆ ಕಲಿಸಿದವರು ಗಂಟೆ ಬಾರಿಸುವ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡಿರುತ್ತಿದ್ದರು. ಶಾಲೆ ಬಿಟ್ಟ ಮೇಲೂ ಪಾಠ ಮಾಡುವವರಿಗೆ ಅದರಿಂದ ಏನು ಸಿಗುತ್ತದೆ ಎಂಬುದು ನನಗೆ ಬಗೆಹರಿಯುತ್ತಿರಲಿಲ್ಲ. ಆದರೆ ಲೆಕ್ಕವೆಂದರೆ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದ ಮಾನಸಿ ಈಗ ರೊಟ್ಟಿ ಬಡಿಯುತ್ತ ಅದೇ ಧ್ವನಿಯನ್ನು ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದಳು. ಹತ್ತು ಮುಗಿಸಿ ಕಾಲೇಜಿಗೆ ಹೋಗುತ್ತೇನೆ ಎಂದು ಓಣಿಯ ಹುಡುಗಿಯರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

ಆ ಸೋಮವಾರ ಸಂಜೆ ಅಪ್ಪನೂ ಅಹಮದಸಾಬ ಕಾಕಾನೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಕಾಕಾ ಅಪ್ಪನ ಜೋಡಿ ದಲಾಲ. ಸಂತೆಯಲ್ಲಿ ಒಬ್ಬ ಮಾರುವವನ ಕಡೆ ನಿಂತರೆ ಇನ್ನೊಬ್ಬ ಕೊಳ್ಳುವವನ ಕಡೆ. ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಅಪ್ಪ ಮಾನಸಿಯನ್ನು ಕರೆದು ಹಚ್ಚಲು ಹೇಳಿದ.

"ಇನ್ನೂ ಕಳಸದೇ ಇದ್ದವರಿಗೆ ಮತ್ತೊಮ್ಮೆ ಹೇಳ್ತೀನಿ" ಎಂದಿತು ಟೀಚರ ಧ್ವನಿ. "ನಿಮ್ಮ ಮನ್ಯಾಗ ಹಿರೇರು ಪೆನ್ನು, ಹಾಳಿ ಇಲ್ಲದ ಲೆಕ್ಕ ಹೆಂಗ ಮಾಡ್ತಾರ? ಮೊಳ ಹಾಕ್ತಾರೋ, ಬಟ್ಟಿನ ಗೆರಿ ಎಣಸ್ತಾರೋ? ಒಂದು ಸಣ್ಣ ವಿಡಿಯೋ ಮಾಡಿ ನನಗ ಕಳಸ್ರಿ. ಕ್ಲಾಸಿನ್ಯಾಗ ಟಿವಿ ಮ್ಯಾಲೆ ಎಲ್ಲಾರೂ ಕೂಡಿ ನೋಡೋಣ."

ಕಾಕಾ ಚಹಾದ ಬಟ್ಟಲನ್ನು ಕೆಳಗಿಟ್ಟ. ಅದನ್ನು ಇನ್ನೊಮ್ಮೆ ಹಚ್ಚಲು ಹೇಳಿ, ತಲೆ ಬಗ್ಗಿಸಿ ಪೂರ್ತಿ ಕೇಳಿದ.

"ಸಿದ್ದಲಿಂಗಣ್ಣಾ, ಈ ಸಾಲಿ ಅಕ್ಕಾರಿಗೆ ಲೆಕ್ಕದ ಪುಸ್ತಕ ಕೊಟ್ಟಿಲ್ಲೇನು? ಮಂದಿ ಮನೀ ಬಟ್ಟು ಯಾಕ ಬೇಕಾದವು?"

ಅವರಿಗೆ ಹಾಗೆ ಅನಿಸಿದ್ದಕ್ಕೆ ಕಾರಣವಿತ್ತು. ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿಯುತ್ತಾರೆ. ಯಾವ ಬೆರಳು, ಎಷ್ಟು ಬೆರಳು, ಹಿಡಿದು ಬಿಟ್ಟರೋ ಒತ್ತಿದರೋ, ಎಲ್ಲಕ್ಕೂ ಅರ್ಥವಿದೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ದಲಾಲರ ಒಂದೊಂದು ಗುಂಪಿಗೂ ಒಂದೊಂದು ಬಗೆಯ ಹಿಡಿತ ಇರುತ್ತದೆ. ಅಪ್ಪನ ಗುಂಪಿನದು ಅವನ ಅಪ್ಪನ ಕಾಲದಿಂದ ಬಂದದ್ದು. ಅದು ಹೊರಗೆ ಗೊತ್ತಾದರೆ ಸಂತೆಯಲ್ಲಿ ಅವರನ್ನು ಕೇಳುವವರೇ ಇರುವುದಿಲ್ಲ. ಕೆಲವು ತಿಂಗಳ ಹಿಂದೆ ಟೊಪ್ಪಿಗೆ ಹಾಕಿದ ಹುಡುಗನೊಬ್ಬ ಸಂತೆಗೆ ಬಂದು, ಇನ್ನು ಮುಂದೆ ರೈತರು ಕೊಟ್ಟಿಗೆಯಲ್ಲೇ ನಿಂತು ಫೋನಿನಲ್ಲಿ ಎತ್ತು ಮಾರಬಹುದು, ನಡುವೆ ಯಾರೂ ಬೇಡ ಎಂದು ಹೇಳುತ್ತ ಎಲ್ಲರ ಕೈಗಳ ಕಡೆ ಫೋನು ಹಿಡಿದಿದ್ದನಂತೆ. ಅವನನ್ನು ಗೇಟಿನ ತನಕ ನೂಕಿ ಬಂದವರಲ್ಲಿ ಅಪ್ಪನೂ ಒಬ್ಬ. ಅಂದಿನಿಂದ ಯಾರಾದರೂ ಫೋನು ಎತ್ತಿದರೆ ಅಪ್ಪನ ಕೈ ತಾನಾಗಿ ವಸ್ತ್ರದೊಳಗೆ ಹೋಗುತ್ತದೆ.

"ಹಿಂದ ಯಾರೋ ಅದಾರ" ಎಂದ ಅಪ್ಪ. "ಅಕ್ಕಾರನ್ನ ಬರೇ ಮುಂದ ನಿಲ್ಲಿಸ್ಯಾರ."

ಆಮೇಲೆ ಮಾನಸಿಯ ಕಡೆ ತಿರುಗಿದ. ಅಪ್ಪ ಸಿಟ್ಟಾದರೆ ಹೆದರಿಕೆಯಿಲ್ಲ, ಕೂಗಾಡಿ ಮರೆಯುತ್ತಾನೆ. ಮೆಲ್ಲಗೆ ಮಾತಾಡಿದರೆ ಹೆದರಬೇಕು. ಅವತ್ತು ಮೆಲ್ಲಗೆ ಮಾತಾಡಿದ.

"ನಮ್ಮ ಕೈ ಆ ಟಿವ್ಯಾಗ ಕಂಡ ದಿನ ನಿನ್ನ ಸಾಲಿ ಬಂದ್. ಉಮಾ ಎಂಟಕ್ಕ ಬಿಟ್ಟಾಳ, ನೀ ಒಂಬತ್ತಕ್ಕ ಬಿಡು."

ಮಾನಸಿ ತಲೆಯಾಡಿಸಿದಳು. ಆದರೆ ಅವಳು ಫೋನನ್ನು ಅಪ್ಪನಿಗೆ ಕೊಡುವಾಗ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವಳ ಕೈ ಬೆವರುವುದು ಏನಾದರೂ ಮುಚ್ಚಿಟ್ಟಾಗ ಮಾತ್ರ.

ನಳದ ಬಳಿ ಕೊಡ ತುಂಬುವಾಗ ಅವಳೇ ಹೇಳಿದಳು. "ಅಕ್ಕಾ, ನಾ ಕಳಿಸಿಬಿಟ್ಟೇನಿ."

ಟೀಚರ್ ಈ ಕೆಲಸವನ್ನು ಶನಿವಾರವೇ ಕ್ಲಾಸಿನಲ್ಲಿ ಹೇಳಿದ್ದರಂತೆ. ಭಾನುವಾರ ಅಪ್ಪ, ಕಾಕಾ ಕಟ್ಟೆಯ ಮೇಲೆ ಕೂತು ಹಿಂದಿನ ದಿನದ ವ್ಯಾಪಾರವನ್ನು ನೆನೆಸಿಕೊಂಡು ನಗುತ್ತಿದ್ದರು. ಅವನು ಹೀಗೆ ಹಿಡಿದ, ನಾನು ಹೀಗೆ ಒತ್ತಿದೆ ಎಂದು ಬರಿಗೈಯಲ್ಲೇ ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಿದ್ದರು. ಮನೆಯ ಮುಂದೆ ಯಾರೂ ಇಲ್ಲವೆಂದು ವಸ್ತ್ರ ಹೊದಿಸಿರಲಿಲ್ಲ. ಫೋನು ಕಿಟಕಿಯ ಬಳಿ ಚಾರ್ಜಿಗೆ ಇತ್ತು. ಮಾನಸಿ ಸರಳುಗಳ ಸಂದಿನಿಂದ ವಿಡಿಯೋ ಮಾಡಿ, ಟೀಚರಿಗೆ ಕಳಿಸಿ, ಫೋನಿನಿಂದ ಅಳಿಸಿಬಿಟ್ಟಿದ್ದಳು. ಆಗ ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಯಾಕೆ ಮಾಡಿದೆ ಎಂದು ಕೇಳಿದೆ. ಎಲ್ಲರ ಮನೆಯಲ್ಲೂ ಇರುವುದನ್ನೇ ಎಲ್ಲರೂ ಕಳಿಸುತ್ತಾರೆ, ನಮ್ಮಪ್ಪನಿಗೆ ಗೊತ್ತಿರುವುದು ಯಾರಪ್ಪನಿಗೂ ಗೊತ್ತಿಲ್ಲ, ಅದಕ್ಕೆ ಎಂದಳು. ಕೊಡ ತುಂಬಿ ಹರಿಯುತ್ತಿದ್ದರೂ ಅವಳಿಗೆ ನಳ ನಿಲ್ಲಿಸಲು ತಿಳಿಯಲಿಲ್ಲ.

ಮರುದಿನ ಪಾಲಕರ ಸಭೆ ಇತ್ತು. ಅಪ್ಪ ನನ್ನನ್ನೇ ಹೋಗಲು ಹೇಳಿದ. "ನೀ ಮಾತಾಡಬ್ಯಾಡ. ನೋಡ್ಕೊಂಡು ಬಾ" ಎಂದ. ಬೇರೆ ಯಾರಿಗಾದರೂ ಹಾಗೆ ಹೇಳಿದ್ದರೆ ಕಷ್ಟವಾಗುತ್ತಿತ್ತು.

ನಾನು ಹಿಂದಿನ ಬೆಂಚಿನ ತುದಿಯಲ್ಲಿ ಕೂತೆ. ಸುಮೇಧಾ ಟೀಚರ್ ನಾನಂದುಕೊಂಡಷ್ಟು ದೊಡ್ಡವರಲ್ಲ. ಹತ್ತಿಯ ಸೀರೆ, ಕನ್ನಡಕ, ಕೈಯಲ್ಲಿ ಸೀಮೆಸುಣ್ಣದ ಪುಡಿ. ಟಿವಿ ಇದ್ದರೂ ಪಕ್ಕದ ಕರಿಹಲಗೆಯನ್ನು ಬಿಟ್ಟಿರಲಿಲ್ಲ. ಮೇಜಿನ ಮೇಲೆ ಮೂರು ಕಾಲಿನ ಕಂಬಿಗೆ ಅವರ ಫೋನು ಸಿಕ್ಕಿಸಿತ್ತು. ಅದರ ಕಣ್ಣು ನಮ್ಮ ಕಡೆಗೇ ಇತ್ತು. ಅದು ನಡೆಯುತ್ತಿದೆಯೋ ಸುಮ್ಮನೆ ನಿಂತಿದೆಯೋ ತಿಳಿಯದೆ ನಾನು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೆ.

ಟೀಚರ್ ಮಕ್ಕಳ ವಿಡಿಯೋಗಳನ್ನು ಒಂದೊಂದಾಗಿ ಟಿವಿಗೆ ಹಾಕಿದರು. ಒಂದರಲ್ಲಿ ಯಾರದೋ ಅಜ್ಜಿ, ದಾವಲಬಿ ಅಂತೆ, ಹೆಣ್ಣುಮಕ್ಕಳ ಮುಷ್ಟಿಯನ್ನು ಒಮ್ಮೆ ಒತ್ತಿ ನೋಡಿ ಬಳೆಯ ಅಳತೆ ಹೇಳುತ್ತಿದ್ದಳು. ಟೀಚರ್ ಅಲ್ಲೇ ನಿಲ್ಲಿಸಿ, ಮುಷ್ಟಿಯ ಸುತ್ತ ಬೆರಳಿನಿಂದ ವೃತ್ತ ಎಳೆದು, ಅಜ್ಜಿ ಒತ್ತಿ ನೋಡುತ್ತಿರುವುದು ಪರಿಧಿಯನ್ನು ಎಂದು ವಿವರಿಸಿದರು. ತಾಯಂದಿರು ತಮ್ಮ ತಮ್ಮ ಕೈ ನೋಡಿಕೊಂಡರು. ನನಗೂ ಅದು ತಿಳಿಯಿತು. ತಿಳಿದದ್ದರಿಂದ ಗುಮಾನಿ ಹೋಗಲಿಲ್ಲ, ಹೆಚ್ಚಾಯಿತು. ಒಂದಾದ ಮೇಲೊಂದು ವಿಡಿಯೋ ಬಂತು, ಅಪ್ಪನ ಕೈ ಬರಲಿಲ್ಲ. ಮುಂದಿನ ಸಾಲಿನಲ್ಲಿ ಮಾನಸಿಯ ಬೆನ್ನು ಸಡಿಲಾಗುತ್ತ ಬಂತು. ಅಷ್ಟು ಛಲೋ ವಿಡಿಯೋವನ್ನು ತೋರಿಸದೆ ಯಾಕೆ ಇಟ್ಟುಕೊಂಡಿದ್ದಾರೆ ಎಂದು ನನ್ನ ಬೆನ್ನು ಬಿಗಿಯಾಯಿತು.

ಕೋಣೆಯ ಮೂಲೆಯಲ್ಲಿ ಒಬ್ಬ ಗಂಡಸು ಕೂತಿದ್ದ. ಇಸ್ತ್ರಿಯ ಅಂಗಿ, ತೊಡೆಯ ಮೇಲೆ ಲ್ಯಾಪ್‌ಟಾಪು. ಟಿವಿ ಕೊಟ್ಟ ಸಂಸ್ಥೆಯ ಸೌರಭ ಎಂದು ಟೀಚರ್ ಮೊದಲೇ ಹೇಳಿದ್ದರು. ಎಲ್ಲರೂ ಟಿವಿ ನೋಡುತ್ತಿದ್ದರೆ ಅವನು ತನ್ನ ಪರದೆಯನ್ನೇ ನೋಡುತ್ತಿದ್ದ. ನಾನು ಕೂತ ಕಡೆಯಿಂದ ಅದು ಓರೆಯಾಗಿ ಕಾಣುತ್ತಿತ್ತು. ಅದರಲ್ಲಿ ಕಿಟಕಿಯ ಸರಳು, ಸರಳುಗಳ ಆಚೆ ಎರಡು ಜೊತೆ ಕೈ. ಒಂದು ಕೈಯಲ್ಲಿ ಅಪ್ಪನ ತಾಮ್ರದ ಕಡಗ. ಅವನು ಅದನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದ.

ಸಭೆ ಮುಗಿದು ಎಲ್ಲರೂ ಹೋದ ಮೇಲೂ ನಾನು ಬಾಗಿಲ ಬಳಿ ನಿಂತೇ ಇದ್ದೆ. ಮಾನಸಿ ನನ್ನ ಕೈ ಜಗ್ಗುತ್ತಿದ್ದಳು. ಟೀಚರ್ ನನ್ನನ್ನು ನೋಡಿ, ಏನು ಎಂದು ಕೇಳಿದರು. ನಾನು ಕೇಳಿಬಿಟ್ಟೆ.

"ಈ ವಿಡಿಯೋ ಎಲ್ಲಾ ಎಲ್ಲಿಗೆ ಹೋಗ್ತಾವ್ರಿ, ಟೀಚರ್?"

ಎಲ್ಲೂ ಹೋಗುವುದಿಲ್ಲ, ಕ್ಲಾಸಿನೊಳಗೇ ಇರುತ್ತವೆ ಎಂದರು ಅವರು.

"ಮತ್ತ ಅವರ ಹತ್ರ ಹೆಂಗ ಬಂದಾವ್ರಿ?"

ಟೀಚರ್ ಮೂಲೆಯ ಕಡೆ ತಿರುಗಿದರು. ಸೌರಭ ನಗುತ್ತಲೇ ಹೇಳಿದ. ಟೀಚರ ಫೋನಿಗೆ ಬಂದದ್ದೆಲ್ಲ ತಾನಾಗಿ ಸಂಸ್ಥೆಯ ಕಡೆಗೂ ಹೋಗುವ ಹಾಗೆ ಟಿವಿ ಕೂಡಿಸಿದ ದಿನವೇ ವ್ಯವಸ್ಥೆ ಮಾಡಿದ್ದರಂತೆ. ಕೊಟ್ಟ ಟಿವಿ ಹೇಗೆ ಬಳಕೆಯಾಗುತ್ತಿದೆ ಎಂದು ಅವರ ಮೇಲಿನವರು ನೋಡಬೇಕಲ್ಲ. ಛಲೋ ಇದ್ದ ಕೆಲವನ್ನು ಸಂಸ್ಥೆಯ ಚಾನೆಲ್ಲಿಗೂ ಹಾಕಿ ಆಗಿತ್ತು. "ಈ ಕೈ ವಿಡಿಯೋ ನಿನ್ನೇನ ಹಾಕೇವ್ರಿ. ಇಂಥಾದು ಎಲ್ಲೂ ಸಿಗೂದಿಲ್ಲ" ಎಂದ, ನಮಗೆ ಸಂತೋಷವಾಗುತ್ತದೆ ಎಂದು ತಿಳಿದವನ ಹಾಗೆ.

ಟೀಚರ ಮುಖದ ಬಣ್ಣ ಹೋಯಿತು. ಆ ವಿಡಿಯೋವನ್ನು ತಾವು ಬೇಕೆಂದೇ ತೋರಿಸಿರಲಿಲ್ಲ ಎಂದರು. ಸರಳುಗಳ ಸಂದಿನಿಂದ ತೆಗೆದದ್ದು, ಕೈ ಆಡಿಸುತ್ತಿರುವವರಿಗೆ ಗೊತ್ತಿಲ್ಲದೆ ತೆಗೆದದ್ದು ಎಂದು ನೋಡಿದ ಕೂಡಲೇ ತಿಳಿದಿತ್ತಂತೆ; ಮಾನಸಿಯನ್ನು ಕರೆದು ಕೇಳಬೇಕೆಂದು ಇಟ್ಟುಕೊಂಡಿದ್ದರಂತೆ. ಅದನ್ನು ಈಗಲೇ ತೆಗೆಸಬೇಕು ಎಂದು ಸೌರಭನ ಎದುರು ಕದಲದೆ ನಿಂತರು. ಅವನು ಯಾರಿಗೋ ಫೋನು ಮಾಡಿದ, ಕಾದ, ಮತ್ತೆ ಮಾಡಿದ. ಕೊನೆಗೆ ತೆಗೆದಿದ್ದಾರೆ ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಒಂದು ರಾತ್ರಿ, ಅರ್ಧ ದಿನ ಅಲ್ಲಿದ್ದದ್ದನ್ನು ಯಾರು ಯಾರು ನೋಡಿದರು ಎಂದು ಟೀಚರ್ ಕೇಳಿದರು. ನೋಡಿದವರ ಸಂಖ್ಯೆ ಸಿಗುತ್ತದೆ, ಹೆಸರು ಸಿಗುವುದಿಲ್ಲ ಎಂದ.

ನಾನು ಹೊರಡುವಾಗ ಟೀಚರ್, ಸಂಜೆ ತಾವೇ ಮನೆಗೆ ಬಂದು ಅಪ್ಪನಿಗೆ ಹೇಳುವುದಾಗಿ ಅಂದರು. ಮಾನಸಿ ಅಳತೊಡಗಿದಳು. ಹೇಳಿದರೆ ತನ್ನ ಶಾಲೆ ಮುಗಿಯಿತು, ದಯವಿಟ್ಟು ಬರಬೇಡಿ ಎಂದು ಅಂಗಲಾಚಿದಳು. ಟೀಚರ್ ನನ್ನ ಮುಖ ನೋಡಿದರು. ನಾನು ಬನ್ನಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಏನು ನೋಡಿದೆ ಎಂದು ಕೇಳಿದ. ಬಳೆಯ ಅಜ್ಜಿಯ ಕಥೆ ಹೇಳಿದೆ. ಉಳಿದದ್ದನ್ನು ಹೇಳಲು ಟೀಚರ್ ಬರುತ್ತಾರೆ ಎಂದೆ. ಅಪ್ಪ ಕೂಡಲೇ ಅಹಮದಸಾಬ ಕಾಕಾನನ್ನು ಕರೆಸಿದ.

ಟೀಚರ್ ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಹೇಳಿದರು. ಒಂದನ್ನೂ ಬಿಡಲಿಲ್ಲ. ಬಾಗಿಲ ಹಿಂದೆ ಮಾನಸಿ ನನ್ನ ತೋಳು ಹಿಡಿದುಕೊಂಡಿದ್ದಳು.

"ಹುಡುಗಿ ತಪ್ಪಲ್ರಿ. ವಿಡಿಯೋ ಮಾಡ್ರಿ ಅಂದೆ, ಹಿರೇರನ್ನ ಕೇಳಿ ಮಾಡ್ರಿ ಅನ್ನಲಿಲ್ಲ. ನನ್ನ ಫೋನಿಗೆ ಬಂದದ್ದು ನನ್ನ ಹತ್ರನ ಇರ್ತದ ಅಂತ ತಿಳಿದಿದ್ದೆ. ಎರಡೂ ನಂದ ತಪ್ಪು."

ಅಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಕೇಳಿದ.

"ನಿಮ್ಮ ಹಿಂದ ಯಾರದಾರ್ರಿ, ಅಕ್ಕಾರ?"

"ನನ್ನ ಹಿಂದ ಟಿವಿ ಕೊಟ್ಟವರು ಅದಾರ. ಅವರ ಹಿಂದ ಯಾರದಾರ, ನನಗೂ ಗೊತ್ತಿಲ್ರಿ" ಎಂದರು ಟೀಚರ್.

ಅಪ್ಪ ಇಂಥ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಸಂತೆಯಲ್ಲಿ ಗೊತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. ವಿಡಿಯೋ ತೋರಿಸಿ ಎಂದ. ಅವನು ನೋಡಿದ ಮೇಲೆಯೇ ಅಳಿಸಬೇಕೆಂದು ಒಂದು ಪ್ರತಿಯನ್ನು ಟೀಚರ್ ತಮ್ಮ ಫೋನಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅಪ್ಪ, ಕಾಕಾ ತಲೆಗೆ ತಲೆ ಹಚ್ಚಿ ನೋಡಿದರು. ಅಪ್ಪನ ದವಡೆ ಒಮ್ಮೆ ಬಿಗಿಯಿತು. ಕಾಕಾ ಕಣ್ಣು ಮುಚ್ಚಿಕೊಂಡ. ನನ್ನ ತೋಳಿನ ಮೇಲೆ ಮಾನಸಿಯ ಉಗುರು ಇಳಿಯಿತು.

ಅಪ್ಪ ಫೋನನ್ನು ಟೀಚರಿಗೆ ವಾಪಸು ಕೊಟ್ಟು ನಕ್ಕ.

"ಬಯಲಾಗ ನಮ್ಮ ಕೈ ಖರೇ ಹೇಳೂದಿಲ್ರಿ, ಅಕ್ಕಾರ. ವಸ್ತ್ರ ಇಲ್ಲದ ಹಿಡದದ್ದೆಲ್ಲಾ ಸುಳ್ಳ. ಹುಡುಗರ ಆಟ ಇದ್ದಂಗ. ಮಂದಿ ನೋಡಿದ್ರ ನೋಡ್ಲಿ ಬಿಡ್ರಿ, ತಪ್ಪು ಕಲೀತಾರ." ಆಮೇಲೆ ಕಾಕಾನ ಕಡೆ ತಿರುಗಿದ. "ಹೌದಲ್ಲೋ, ಅಹಮದಸಾಬ?"

ಕಾಕಾ ಅಪ್ಪನ ಮುಖ ನೋಡಿದ. ಬಾಗಿಲ ಸಂದಿಯ ಕಡೆಗೂ ಒಮ್ಮೆ ನೋಡಿದ. "ಹೌದು" ಎಂದ ಆಮೇಲೆ. "ಬರೇ ಚ್ಯಾಷ್ಟಿ."

ಟೀಚರಿಗೆ ನಿರಾಳವಾಯಿತು. ಅಪ್ಪನ ಎದುರೇ ವಿಡಿಯೋ ಅಳಿಸಿ, ಇನ್ನು ಮೇಲೆ ಏನು ಮಾಡುವುದಿದ್ದರೂ ಮನೆಯ ಹಿರಿಯರನ್ನು ಕೇಳಿಯೇ ಎಂದು ಹೇಳಿ, ನಾನು ತಂದಿಟ್ಟ ಚಹಾ ಕುಡಿದು ಬಸ್ಸಿಗೆ ಹೋದರು. ಅಪ್ಪ ಮಾನಸಿಯನ್ನು ಹೊರಗೆ ಕರೆದು, ಹೇಳದೆ ಕೇಳದೆ ಇನ್ನೊಮ್ಮೆ ಫೋನು ಎತ್ತಿದರೆ ಕೈ ಮುರಿಯುತ್ತೇನೆ ಎಂದು ಕೂಗಾಡಿದ. ಓಣಿಯ ಆ ತುದಿಗೂ ಕೇಳುವಷ್ಟು ಜೋರಾಗಿ ಕೂಗಿದ. ಮಾನಸಿ ಅಳುತ್ತ ಅಳುತ್ತ ಒಳಗೆ ಬಂದು ಮರುದಿನದ ಚೀಲ ತುಂಬಿಕೊಂಡಳು. ಶಾಲೆಯ ಮಾತನ್ನು ಅಪ್ಪ ಎತ್ತಲೇ ಇಲ್ಲ.

ಆಮೇಲೆ ಮಾನಸಿ ಹೇಳಿದ ಪ್ರಕಾರ, ಟೀಚರ್ ಸಂಸ್ಥೆಯವರ ವ್ಯವಸ್ಥೆಯನ್ನು ಕಿತ್ತುಹಾಕಿಸಿದರು. ಈಗ ಫೋನಿನಿಂದ ಟಿವಿಗೆ ಒಂದು ವೈರು ಹಾಕುತ್ತಾರೆ. ಪಾಠ ಮುಗಿದ ಕೂಡಲೇ ಮಕ್ಕಳ ಎದುರೇ ವೈರು ತೆಗೆದು ಬಂದದ್ದನ್ನು ಅಳಿಸುತ್ತಾರೆ. ಟಿವಿಯನ್ನು ವಾಪಸು ಒಯ್ಯುತ್ತೇವೆ ಎಂದು ಸೌರಭ ಒಮ್ಮೆ ಬಂದು ಹೇಳಿ ಹೋಗಿದ್ದಾನಂತೆ. ಇನ್ನೂ ಒಯ್ದಿಲ್ಲ. ಯಾಕೆ ಒಯ್ದಿಲ್ಲ ಎಂದು ನಾನು ಆಗಾಗ ಯೋಚಿಸುತ್ತೇನೆ.

ಆ ವಾರ ಅಪ್ಪ, ಕಾಕಾ ಕಟ್ಟೆಯ ಮೇಲೆ ಕೂರಲಿಲ್ಲ. ಮಾನಸಿ ಶಾಲೆಗೆ ಹೋದ ಮೇಲೆ ಕಾಕಾ ಬರುತ್ತಿದ್ದ. ಇಬ್ಬರೂ ನಡುಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಅವರ ಗುಂಪಿನ ಬೇರೆ ದಲಾಲರೂ ಒಬ್ಬೊಬ್ಬರಾಗಿ ಬಂದರು. ಬರುವಾಗ ಯಾರ ಮುಖದಲ್ಲೂ ನಗು ಇರಲಿಲ್ಲ. ಒಬ್ಬ ಹಿರಿಯನಂತೂ ಚಪ್ಪಲಿ ಬಿಡುವಾಗಲೇ, ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಬೇಕಾಗಿತ್ತು ಎಂದು ಅಪ್ಪನನ್ನು ಬಯ್ದ. ಹಾಗೆ ಬಯ್ಯಿಸಿಕೊಂಡು ಸುಮ್ಮನಿದ್ದ ಅಪ್ಪನನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಒಂದು ದಿನ ಚಹಾ ಒಯ್ಯುವಾಗ ಬಾಗಿಲನ್ನು ಮೊಣಕೈಯಿಂದ ನೂಕಿದೆ. ಅಪ್ಪ, ಕಾಕಾ ಇಬ್ಬರ ನಡುವೆ ವಸ್ತ್ರ ಹಾಸಿತ್ತು, ಕೈ ಅದರ ಕೆಳಗಿದ್ದವು. ಅಪ್ಪನ ಹಣೆಯಲ್ಲಿ ಬೆವರು.

"ಮತ್ತ ಹಳೇ ಹಿಡಿತಾನ ಹಿಡದೀ ನೋಡು" ಎನ್ನುತ್ತಿದ್ದ ಕಾಕಾ. "ಅದು ಈಗ ನಡಿಯೂದಿಲ್ಲ, ಮಾರ್ಯಾ. ಆ ವಿಡಿಯೋದಾಗ ಊರಿಗೆಲ್ಲಾ ಗೊತ್ತಾಗೇತಿ."

ನಾನು ಚಹಾ ಇಟ್ಟೆ. ಅಪ್ಪ ವಸ್ತ್ರದ ಕೆಳಗಿನಿಂದ ಕೈ ತೆಗೆಯಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಎತ್ತಿನ ವಯಸ್ಸು ಅಳೆಯುವಾಗ ಹೀಗೆಯೇ ನೋಡುತ್ತಾನೆ. ನನಗೆ ಎಷ್ಟು ತಿಳಿದಿದೆ ಎಂದು ಅವನಿಗೆ ತಿಳಿಯಿತು.

"ಮಾನಸಿಗೆ ಹೇಳಬ್ಯಾಡ" ಎಂದ.

ನಾನು ತಲೆಯಾಡಿಸಿ ಬಾಗಿಲು ಎಳೆದುಕೊಂಡು ಬಂದೆ.